ಹೊಗೆಯ ನಿಯಮ ಬರೆಯಬೇಕಾದವರು ಯಾರು?

ಜಮಖಂಡಿಯ ಓದುಗರಿಗೆ ನಮಸ್ಕಾರ. ನಿಮ್ಮ ಪತ್ರ ಮುಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ ಹವಾಮಾನದ ನಿಯಮಗಳನ್ನು ಜನ ಆರಿಸದ ಒಂದು ಮಂಡಳಿ ಮಾಡುತ್ತದೆ ಎಂದು ಓದಿ ನಿಮಗೆ ಸಿಟ್ಟು ಬಂದಿದೆ. ಇಲ್ಲಿಯೂ ಸಕ್ಕರೆ ಕಾರ್ಖಾನೆಗಳ ಮೇಲೆ ಮಾಲಿನ್ಯ ಮಂಡಳಿಯದೇ ದರ್ಬಾರು, ಎಲ್ಲವೂ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ ತೀರ್ಮಾನವಾಗಲಿ ಎನ್ನುತ್ತೀರಿ.

ಅರ್ಧ ಒಪ್ಪುತ್ತೇನೆ.

ಕ್ಯಾಲಿಫೋರ್ನಿಯಾದ ಮಂಡಳಿ ಆ ಅಧಿಕಾರವನ್ನು ತಾನಾಗಿ ಕಿತ್ತುಕೊಂಡಿದ್ದಲ್ಲ. 2006ರಲ್ಲಿ ಅಲ್ಲಿನ ಶಾಸಕರೇ ಕಾಯ್ದೆ ಮಾಡಿದರು. 2020ರೊಳಗೆ ಭೂಮಿ ಬಿಸಿ ಮಾಡುವ ಅನಿಲಗಳು 1990ರ ಮಟ್ಟಕ್ಕೆ ಇಳಿಯಬೇಕು ಎಂದರು. ಹೇಗೆ ಎಂಬುದನ್ನು ಮಂಡಳಿಗೆ ಬಿಟ್ಟರು. ಅದು ಅನಿಲ ಬಿಡಲು ಬೇಕಾದ ಪರ್ಮಿಟ್‌ಗಳನ್ನು ಹರಾಜು ಹಾಕುವ ಪದ್ಧತಿ ತಂದಿತು. ರಾಜ್ಯ 2016ರಲ್ಲೇ ಗುರಿ ಮುಟ್ಟಿತು. ಹರಾಜನ್ನು 2030ರ ತನಕ ಮುಂದುವರಿಸುವ ಮಾತು ಬಂದಾಗ 2017ರಲ್ಲಿ ಅದು ಮತ್ತೆ ಶಾಸಕರ ಮುಂದೆಯೇ ಹೋಯಿತು. ಅಮೆರಿಕದ ಇನ್ನೊಂದು ರಾಜ್ಯ ಪೆನ್ಸಿಲ್ವೇನಿಯಾದಲ್ಲಿ ಗವರ್ನರ್ (ಅಲ್ಲಿ ಅವರು ನಮ್ಮ ಮುಖ್ಯಮಂತ್ರಿ ಇದ್ದಂತೆ) ಶಾಸಕರನ್ನು ಬದಿಗಿಟ್ಟು ಇಂಥದ್ದೇ ಯೋಜನೆಗೆ ಕೈ ಹಾಕಿದರು. ಇದು ತೆರಿಗೆ, ಶಾಸನಸಭೆ ಬಿಟ್ಟು ಬೇರೆಯವರು ಹಾಕುವಂತಿಲ್ಲ ಎಂದು 2023ರಲ್ಲಿ ಕೋರ್ಟ್ ತಡೆಯಿತು. ಸರಿಯಾದ ತೀರ್ಪು ಅನ್ನಿಸುತ್ತದೆ ನನಗೆ.

ಇನ್ನು ನಮ್ಮದು. ಮಾಲಿನ್ಯ ಮಂಡಳಿ ಹುಟ್ಟಿದ್ದು 1974ರ ಜಲ ಕಾಯ್ದೆಯಿಂದ. ಕರ್ನಾಟಕವೂ ಸೇರಿ ಕೆಲವು ರಾಜ್ಯಗಳು ಠರಾವು ಮಾಡಿ ಸಂಸತ್ತಿಗೆ ಒಪ್ಪಿಸಿದ ಕೆಲಸ ಅದು. ಹಾಗೆ ಒಪ್ಪಿಸಿದ ಮೇಲೆ ಸಂವಿಧಾನದ 252ನೇ ವಿಧಿಯಂತೆ ರಾಜ್ಯಕ್ಕೆ ಅದರ ಒಂದು ಸಾಲನ್ನೂ ತಿದ್ದಲು ಬರುವುದಿಲ್ಲ. ಸುವರ್ಣಸೌಧದಲ್ಲಿ ಎಷ್ಟು ಕೂಗಿದರೂ ಅಷ್ಟೇ.

ತಿದ್ದಲು ಬಂದರೂ ಚಿಮಣಿಯ ಲೆಕ್ಕವನ್ನು ಶಾಸಕರ ಕೈಗೆ ಕೊಡಬೇಕೇ? ನಮ್ಮ ಭಾಗದಲ್ಲಿ ಸಕ್ಕರೆ ಕಾರ್ಖಾನೆಗೂ ರಾಜಕೀಯಕ್ಕೂ ಎಂಥ ನಂಟು ಅಂತ ಜಮಖಂಡಿಯವರಿಗೆ ನಾನು ಹೇಳಬೇಕೇ? ಮಂಡಳಿಯವರು ಸಾಚಾ ಅಂತಲ್ಲ. ಆದರೆ ಕಾರ್ಖಾನೆ ಮಾಲೀಕನೇ ತನ್ನ ಹೊಗೆಗೆ ಅಳತೆ ಬರೆಯುವುದು ಅದಕ್ಕಿಂತ ಜಾಸ್ತಿ ಅಪಾಯ.

ನಿಮ್ಮ ಮಾತು ನಿಜವಾಗುವ ಜಾಗ ಬೇರೆ ಇದೆ. ಹೆಸ್ಕಾಂ ಕೊಳ್ಳುವ ಕರೆಂಟಿನಲ್ಲಿ ಬಿಸಿಲು, ಗಾಳಿ, ಬಗಾಸ್‌ (ಕಬ್ಬಿನ ಸಿಪ್ಪೆ) ಇಂಥ ಮೂಲಗಳಿಂದ ಎಷ್ಟು ಪಾಲು ಬರಬೇಕು ಎಂದು ಗೊತ್ತು ಮಾಡುವ ಅಧಿಕಾರ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೂ ಇದೆ. ಹವಾಮಾನದ ನಿಯಮ ಅಂದರೆ ಇದೇ ಅಲ್ವಾ? 2003ರ ಕಾಯ್ದೆಯಂತೆ ಆಯೋಗದ ನಿಯಮಗಳನ್ನು ವಿಧಾನಮಂಡಲದಲ್ಲಿ ಮಂಡಿಸಲೇಬೇಕು. ಇಂಥವನ್ನು ಕೂತು ನೋಡಲೆಂದೇ ಅಧೀನ ಶಾಸನ ರಚನಾ ಸಮಿತಿಯೂ ಇದೆ.

ಚಳಿಗಾಲದ ಅಧಿವೇಶನಕ್ಕೆ ಕಬ್ಬಿನ ದರ ಕೇಳಲು ಹೇಗೂ ಬೆಳಗಾವಿಗೆ ಬರುತ್ತೀರಿ. ಈ ಸಲ ನಿಮ್ಮ ಶಾಸಕರು ಸಿಕ್ಕರೆ ಇನ್ನೊಂದು ಪ್ರಶ್ನೆ ಕೇಳಿ: ಆಯೋಗದ ನಿಯಮಗಳು ಸದನಕ್ಕೆ ಬಂದಾಗ ಅವರು ಬಿಚ್ಚಿ ನೋಡಿದ್ದಾರಾ? ಏನೆಂದರು ಅಂತ ನನಗೂ ಬರೆಯಿರಿ.

— ಸಂ.