ಏನೂ ಲಕ್ಷಣ ಇಲ್ಲ ಅಂದರೆ ಪರೀಕ್ಷೆ ಬೇಡವಾ?

ಮೊನ್ನೆ ರಾತ್ರಿ ಗೆಳತಿಯ ಜೊತೆ ಕಾಂಡೋಮ್ ಇಲ್ಲದೆ ಸೆಕ್ಸ್ ಆಯಿತು, ಇಬ್ಬರೂ ಕುಡಿದಿದ್ದೆವು, ಮೈಯಲ್ಲಿ ಏನೂ ತೊಂದರೆ ಕಾಣುತ್ತಿಲ್ಲ, ಆದರೂ ಪರೀಕ್ಷೆ ಬೇಕಾ ಅಂತ ಕೇಳಿದ್ದೀರಿ. ಬೇಕು. ಆದರೆ ಅದಕ್ಕೂ ಮೊದಲು ಗಂಟೆ ಲೆಕ್ಕ ಹಾಕಿ.

ಎಚ್‌ಐವಿ ತಗುಲದಂತೆ ತಡೆಯಲು ಪೆಪ್ ಅನ್ನುವ ಮಾತ್ರೆಗಳಿವೆ. 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ಬಿಡದೆ ನುಂಗಬೇಕು. ನಿಮಗೆ ಅದು ಬೇಕಾ ಅಂತ ಡಾಕ್ಟರ್ ನೋಡಿ ಹೇಳುತ್ತಾರೆ. ನಾಳೆ ಅನ್ನಬೇಡಿ, ಇವತ್ತೇ ಹೋಗಿ. ನಿಮ್ಮ ಗೆಳತಿಗೂ ಈಗಲೇ ಫೋನ್ ಮಾಡಿ. ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆ ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ಸೋಂಕಿಗೆ ಮಾತ್ರ ಅದು ಅಡ್ಡ ಬರುವುದಿಲ್ಲ.

ಇನ್ನು ಲಕ್ಷಣದ ಮಾತು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಒಬ್ಬಳ ಜೊತೆ ನಾನೂ ಹೀಗೇ ಕಾಂಡೋಮ್ ಇಲ್ಲದೆ ಮಲಗಿದ್ದೆ, ನನಗೂ ಏನೂ ಲಕ್ಷಣ ಇರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಅವಳು ಫೋನ್ ಮಾಡಿದಳು. ಕಿಬ್ಬೊಟ್ಟೆ ನೋವು ಅಂತ ಡಾಕ್ಟರ್‌ಗೆ ತೋರಿಸಿದಾಗ ಕ್ಲಮೀಡಿಯಾ, ಅಂದರೆ ಸೆಕ್ಸ್‌ನಿಂದ ಹರಡುವ ಒಂದು ಸೋಂಕು, ಅಂತ ಅವಳಿಗೆ ಗೊತ್ತಾಗಿತ್ತು. 'ನಾನು ಚೆನ್ನಾಗೇ ಇದ್ದೀನಲ್ಲ, ನನ್ನಿಂದ ಅಲ್ಲ' ಅಂದುಬಿಟ್ಟೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಮೂತ್ರ ಪರೀಕ್ಷೆ ಮಾಡಿಸಿದರೆ ನನಗೂ ಇತ್ತು. ಏಳು ದಿನದ ಮಾತ್ರೆಗೆ ವಾಸಿಯಾಗುವ ಕಾಯಿಲೆ ಅದು. ಹಾಗೇ ಬಿಟ್ಟರೆ ಹೆಂಗಸರಲ್ಲಿ ಗರ್ಭನಾಳಕ್ಕೆ ಹರಡಿ, ಮುಂದೆ ಮಕ್ಕಳಾಗುವುದೇ ಕಷ್ಟವಾಗಬಹುದು. ಎಷ್ಟೋ ಜನರಲ್ಲಿ ಅದು ಯಾವ ಸುಳಿವೂ ಕೊಡುವುದಿಲ್ಲ.

ಆ ರಾತ್ರಿ ನನ್ನ ಪರ್ಸಿನಲ್ಲಿ ಕಾಂಡೋಮ್ ಇತ್ತು. ತಿಂಗಳುಗಟ್ಟಲೆ ಅಲ್ಲೇ ಇದ್ದು ಚರ್ಮದ ಮೇಲೆ ಅದರ ದುಂಡನೆ ಗುರುತು ಮೂಡಿತ್ತು, ಕವರಿನ ಅಕ್ಷರ ಸವೆದಿತ್ತು. (ಹಾಗೆ ಇಡಬೇಡಿ. ಶಾಖಕ್ಕೆ, ಉಜ್ಜಾಟಕ್ಕೆ ರಬ್ಬರ್ ಬಲ ಕಳೆದುಕೊಂಡು ಹರಿದುಹೋಗಬಹುದು.) ತೆಗೆದರೆ ಮೊದಲೇ ಲೆಕ್ಕ ಹಾಕಿಕೊಂಡು ಬಂದಿದ್ದಾನೆ ಅಂದುಕೊಳ್ಳುತ್ತಾಳೆ ಅನ್ನಿಸಿತು. ಕುಡಿದರೆ ನಾಚಿಕೆ ಬಿಡುತ್ತದೆ ಅಂತಾರೆ, ಅಲ್ವಾ? ಈ ಒಂದು ಮಾತಿಗೆ ಮಾತ್ರ ನನ್ನ ನಾಚಿಕೆ ಬಿಡಲಿಲ್ಲ. ಕಾಂಡೋಮ್ ಇದೆಯಾ ಅಂತ ಕೇಳಲು ಅವಳಿಗೂ ಬಾಯಿ ಬಂದಿರಲಿಲ್ಲವಂತೆ. ಅದು ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

ಪರೀಕ್ಷೆಯನ್ನು ತೀರಾ ಬೇಗ ಮಾಡಿಸಿ ನೆಗೆಟಿವ್ ಬಂತು ಅಂತ ನೆಮ್ಮದಿಯಾಗಬೇಡಿ. ಕ್ಲಮೀಡಿಯಾಕ್ಕೆ, ಅದರಂತೆಯೇ ಸೆಕ್ಸ್‌ನಿಂದ ಹರಡುವ ಗೊನೊರಿಯಾಕ್ಕೆ ಎರಡು ವಾರ ಕಳೆಯಲಿ. ಎಚ್‌ಐವಿಗೆ ಲ್ಯಾಬಿನ ನಾಲ್ಕನೇ ತಲೆಮಾರಿನ ರಕ್ತಪರೀಕ್ಷೆಯಾದರೆ 45 ದಿನ, ಸಿಫಿಲಿಸ್ ಅನ್ನುವ ಇನ್ನೊಂದು ಲೈಂಗಿಕ ಸೋಂಕಿಗೆ ಸುಮಾರು ಮೂರು ತಿಂಗಳು. ಪೆಪ್ ತೆಗೆದುಕೊಂಡರೆ ಎಚ್‌ಐವಿ ಪರೀಕ್ಷೆಯ ದಿನ ಮುಂದೆ ಹೋಗುತ್ತದೆ, ಡಾಕ್ಟರ್ ಹೇಳಿದ ತಾರೀಕಿಗೇ ಮಾಡಿಸಿ. ಅಲ್ಲಿಯವರೆಗೆ ಕಾಂಡೋಮ್ ಇಲ್ಲದೆ ಬೇಡವೇ ಬೇಡ.

ಡಾಕ್ಟರ್ ಎದುರು ಬಾಯಿ ಬರದಿದ್ದರೆ ಫೋನಿನಲ್ಲಿ ಬರೆದು ತೋರಿಸಿ. ನಾನು ಮಾಡಿದ್ದೂ ಅದನ್ನೇ. ಅವರು ಓದಿದರು, ಫೋನ್ ವಾಪಸ್ ಕೊಟ್ಟರು, 'ಎಷ್ಟು ದಿನ ಆಯ್ತು?' ಅಂತ ಮಾತ್ರ ಕೇಳಿದರು.