ಚೂರು ತೆಗೆದು ನೋಡಬಾರದೇ?

ಪ್ರಶ್ನೆ: ನಮ್ಮ ಯಜಮಾನರಿಗೆ 44 ವರ್ಷ. ಬಲಗಣ್ಣು ಮುಂದೆ ಬಂದು, ಸ್ವಲ್ಪ ಕೆಳಕ್ಕೆ ಜಾರಿದೆ. ನೋವಿಲ್ಲ. ಸ್ಕ್ಯಾನ್‌ನಲ್ಲಿ ಕಣ್ಣೀರಿನ ಗ್ರಂಥಿಯಲ್ಲಿ ಗಡ್ಡೆ ಕಂಡಿದೆ. ಡಾಕ್ಟರು ಬಯಾಪ್ಸಿ ಬೇಡ, ನೇರ ಆಪರೇಷನ್ ಅನ್ನುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ನಿಮ್ಮ ಅನುಮಾನ ಸಹಜ ಅಮ್ಮಾ. ಗಡ್ಡೆ ಎಂದರೆ ಮೊದಲು ಚೂರು ತೆಗೆದು ನೋಡುವುದು ವಾಡಿಕೆ, ಅಲ್ವಾ? ಇಲ್ಲಿ ಮಾತ್ರ ಲೆಕ್ಕ ಬೇರೆ.

ಇಂಥವರು ಬಂದರೆ ನಾನು ಹಳೆಯ ಫೋಟೊ ತರಿಸುತ್ತೇನೆ. ಮದುವೆ ಆಲ್ಬಮ್ಮೇ ಆಗಬಹುದು, ನಗಬೇಡಿ! ಕಣ್ಣು ಯಾವಾಗಿನಿಂದ ಜಾರಿದೆ ಎಂದು ಅದೇ ಹೇಳುತ್ತದೆ. ವರ್ಷಗಟ್ಟಲೆ ನಿಧಾನವಾಗಿ, ನೋವಿಲ್ಲದೆ ಬೆಳೆದು, ಸ್ಕ್ಯಾನ್‌ನಲ್ಲಿ ದುಂಡಗೆ ಕಂಡು, ಪಕ್ಕದ ಮೂಳೆ ಬರೀ ತಗ್ಗಾಗಿದ್ದರೆ, ಅದು ಪ್ಲಿಯೋಮಾರ್ಫಿಕ್ ಅಡಿನೋಮಾ ಇರಬಹುದು. ಕ್ಯಾನ್ಸರ್ ಅಲ್ಲ. ಆದರೆ ಅದರ ಸಿಪ್ಪೆ ಒಡೆದರೆ ಕಣಗಳು ಉದುರಿ, ಎಷ್ಟೋ ವರ್ಷಗಳ ನಂತರ ಮತ್ತೆ ಬೆಳೆಯಬಹುದು. ಕೆಲವೊಮ್ಮೆ ಕ್ಯಾನ್ಸರ್ ಕೂಡ ಆಗುತ್ತದೆ. ಅದಕ್ಕೇ ಇಡಿಯಾಗಿ ತೆಗೆಯುವುದು. ಪರೀಕ್ಷೆ ಬಿಡುವುದಿಲ್ಲ, ತೆಗೆದ ಮೇಲೆ ಮಾಡುತ್ತಾರೆ.

ನೋವು, ಜೋಮು, ಕೆಲವೇ ತಿಂಗಳಲ್ಲಿ ಬೆಳೆದದ್ದು, ಮೂಳೆ ಸವೆದದ್ದು – ಇವಿದ್ದರೆ ಬಯಾಪ್ಸಿಯೇ ಮೊದಲು.

ಗಡ್ಡೆ ದೊಡ್ಡದಿದ್ದರೆ ಕಣ್ಣಿನ ಗೂಡಿನ ಹೊರಬದಿಯ ಮೂಳೆಯನ್ನು ಕತ್ತರಿಸಿ, ಗಡ್ಡೆ ಬಿಡಿಸಿ, ಮೂಳೆಯನ್ನು ಮತ್ತೆ ಕೂರಿಸುತ್ತಾರೆ. ಕ್ರೋನ್‌ಲೈನ್ ಎಂಬ ಸರ್ಜನ್ 1888ರಲ್ಲಿ ವಿವರಿಸಿದ ದಾರಿ ಇದು; ಈಗ ಗಾಯ ಚಿಕ್ಕದು, ರೆಪ್ಪೆಯ ಮಡಿಕೆಯಲ್ಲೇ ಅಡಗುತ್ತದೆ. ನಂತರ ಕಣ್ಣು ಒಣಗಬಹುದು, ಡ್ರಾಪ್ಸ್ ಬೇಕಾಗುತ್ತದೆ.

ಕಣ್ಣಿನ ಗೂಡಿನ ಆಪರೇಷನ್ ಮಾಡಿ ಪಳಗಿದವರ ಹತ್ತಿರವೇ ಹೋಗಿ. ಸ್ಕ್ಯಾನ್ ಫಿಲ್ಮ್ ಮರೆಯಬೇಡಿ. ಸುಮ್ನೆ ವರದಿ ಹಾಳೆ ಸಾಲದು.