ಸೋಲಾರ್ ಹೀಟರ್ ಕೂರಿಸಲು ಎರಡು ದಿನ: ಕೆಲಸದ ಶ್ರದ್ಧೆಯೋ, ಕೂಲಿ ಎಳೆಯುವ ಆಟವೋ?

ನಿಮ್ಮ ಪ್ರಶ್ನೆ ಓದಿದೆ. ಗಂಗಾವತಿಯ ನಿಮ್ಮ ಮನೆಗೆ 200 ಲೀಟರಿನ, ಗಾಜಿನ ಟ್ಯೂಬಿನ ಸೋಲಾರ್ ಹೀಟರ್ ಕೂರಿಸಲು ಬಂದ ಮೇಸ್ತ್ರಿ ಒಂದು ದಿನದ ಕೆಲಸ ಅಂದವರು ಎರಡು ದಿನ ಮಾಡಿದ್ದಾರೆ. ಪ್ಯಾರಾಪೆಟ್ ಗುಂಟ ನೆಟ್ಟಗೆ ಹಾಕಿದ್ದ ಬಿಸಿನೀರಿನ ಪೈಪನ್ನು ತಾವೇ ಕೊಯ್ದು ಮತ್ತೆ ಹಾಕಿದ್ದಾರೆ. ಕೊನೆಗೆ ಮಧ್ಯಾಹ್ನ ಮೂರಕ್ಕೆ ಎಲ್ಲ ಜೋಡಿಸಿ ಮುಗಿದ ಮೇಲೂ "ಈಗ ನೀರು ಬಿಡಲ್ಲ, ನಾಳೆ ಬೆಳಿಗ್ಗೆ ಬರ್ತೀನಿ" ಎಂದು ಟ್ಯೂಬಿನ ಮೇಲೆ ಗೋಣಿತಾಟು ಹೊದಿಸಿ ಹೋಗಿದ್ದಾರೆ. ಮನೆಯವರಿಗೆ ಅನುಮಾನ, ನಿಮಗೆ ಸಿಟ್ಟು.

ನಾನು ಕೊಪ್ಪಳದವನು. ಹದಿನೇಳು ವರ್ಷದಿಂದ ಗೀಸರ್, ಸೋಲಾರ್ ಹೀಟರ್ ಕೂರಿಸುವುದೇ ನನ್ನ ಅನ್ನ. ನಿಮ್ಮ ಮೇಸ್ತ್ರಿ ಯಾರೋ ನನಗೆ ಗೊತ್ತಿಲ್ಲ. ಆದರೆ ನೀವು ದೂರು ಅಂತ ಬರೆದ ಈ ಮೂರೂ ಕೆಲಸ ಬಲ್ಲವರು ಮಾಡುವಂಥವೇ.

ಪೈಪಿನ ಮಾತು ಮೊದಲು. ಮನೆಗೆ ಹಾಕುವ ಇಂಥ ಸೋಲಾರ್ ಹೀಟರಿಗೆ ಸಾಮಾನ್ಯವಾಗಿ ಪಂಪ್ ಇರುವುದಿಲ್ಲ. ಟ್ಯೂಬಿನಲ್ಲಿ ಕಾಯ್ದ ನೀರು ಹಗುರಾಗಿ ತಾನೇ ಟ್ಯಾಂಕಿಗೆ ಏರುತ್ತದೆ, ತಣ್ಣೀರು ತಾನೇ ಇಳಿಯುತ್ತದೆ. ಅಲ್ಲಿಂದ ನಿಮ್ಮ ಬಚ್ಚಲಿಗೂ ಅದು ತನ್ನ ತೂಕದ ಮೇಲೇ ಇಳಿದು ಬರಬೇಕು. ಮಾಳಿಗೆ ಮೇಲೆ ಹೀಟರಿಗೆ ನೀರು ಕೊಡುವ ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟ ಪೈಪಿಗಿಂತ ನಾಲ್ಕೈದು ಅಡಿ ಎತ್ತರದಲ್ಲಿದ್ದರೆ ಹೆಚ್ಚು. ಹತ್ತು ಮೀಟರ್ ಎತ್ತರದ ನೀರು ಕೊಡುವುದೇ ಒಂದು ಬಾರ್ ಒತ್ತಡ, ಇಲ್ಲಿ ಸಿಗುವುದು ಅದರಲ್ಲಿ ಏಳನೇ ಒಂದು ಪಾಲು. ಅಷ್ಟು ಬಡ ಒತ್ತಡದಲ್ಲಿ ಪೈಪು ಒಂದು ಕಡೆ ಗೂನು ಎದ್ದರೂ ಸಾಕು, ಆಟ ಕೆಟ್ಟಿತು. ನೀರು ಬಿಸಿಯಾದಾಗ ಅದರೊಳಗೆ ಕರಗಿದ್ದ ಗಾಳಿ ಹೊರಬೀಳುತ್ತದೆ. ಆ ಗಾಳಿ ಗೂನಿನ ತುದಿಗೆ ಹೋಗಿ ಕೂರುತ್ತದೆ. ಅದನ್ನು ತಳ್ಳುವ ಬಲ ನೀರಿಗಿರುವುದಿಲ್ಲ.

ಇದನ್ನು ನಾನು ಕಲಿತದ್ದು ಕುಕನೂರಿನ ಒಂದು ಮನೆಯಲ್ಲಿ. ಆಗ ಕೆಲಸಕ್ಕೆ ಹೊಸಬ. ಪ್ಯಾರಾಪೆಟ್ ಗೋಡೆಗೆ ತೂತು ಕೊರೆಯಲು ಬೇಸರಪಟ್ಟು ಪೈಪನ್ನು ಗೋಡೆಯ ಮೇಲೆ ಹತ್ತಿಸಿ ಆಚೆ ಇಳಿಸಿದ್ದೆ. ನೋಡಲು ಅಚ್ಚುಕಟ್ಟಾಗಿಯೇ ಇತ್ತು, ಎಲ್ಬೋಗಳೆಲ್ಲ ಗುಂಡು ಬಿಟ್ಟ ಹಾಗೆ ನೇರ. ಹತ್ತು ದಿನ ನೀರು ಚೆನ್ನಾಗಿ ಬಂತು. ಆಮೇಲೆ ನಲ್ಲಿ ಕೆಮ್ಮಲು ಶುರು ಮಾಡಿತು, ಕೊನೆಗೆ ದಾರದಂತೆ ಸಣ್ಣಗೆ. ಅವರು ಮೂರು ಸಲ ಫೋನ್ ಮಾಡಿದರು. ಮೂರು ಸಲವೂ ನಾನು "ಮೋಡ ಐತ್ರಿ, ಸರಿ ಹೋಗತೈತಿ" ಅಂದೆ. ನಾಲ್ಕನೇ ಸಲ ಹೋದಾಗ ಆ ಮನೆಯ ಎಂಬತ್ತು ದಾಟಿದ ಅಜ್ಜಿ ಬಚ್ಚಲ ಬಾಗಿಲಲ್ಲಿ ಕುಳಿತಿದ್ದರು. "ಯಪ್ಪಾ, ಮ್ಯಾಲೆ ನೀರು ಕುದಿಯಾಕತ್ತೈತಿ ಅಂತೀರಿ, ಕೆಳಗ ನನಗ ಒಂದು ತಂಬಿಗಿ ಬರವಲ್ದು" ಅಂದರು. ನನ್ನ ಉಸ್ತಾದರು ಜೊತೆಗೆ ಬಂದಿದ್ದರು. ಅವರು ಮಾಳಿಗೆ ಹತ್ತಿ ಏನೂ ಬಿಚ್ಚಲಿಲ್ಲ. ಟ್ಯಾಂಕಿನಿಂದ ಪೈಪಿನ ಮೇಲೆ ಅಂಗೈ ಇಟ್ಟು ಸವರುತ್ತಾ ಬಂದರು. ಗೋಡೆ ಏರುವ ತನಕ ಪೈಪು ಮುಟ್ಟಲಾರದಷ್ಟು ಬಿಸಿ, ಗೋಡೆ ಇಳಿದ ಕಡೆ ತಣ್ಣಗೆ. "ಇಲ್ಲೇ ಕುಂತೈತಿ ನೋಡು ಗಾಳಿ" ಅಂದರು. ಅವತ್ತೇ ಗೋಡೆ ಕೊರೆದೆ, ಪೈಪು ಕೊಯ್ದು ಇಳಿಜಾರಾಗಿ ಹಾಕಿದೆ, ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಆ ಅಜ್ಜಿ ಎಷ್ಟು ದಿನ ಚಳಿಯಲ್ಲಿ ತಣ್ಣೀರು ಮೈಮೇಲೆ ಹಾಕಿಕೊಂಡರೋ ಅನ್ನುವುದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅಂದಿನಿಂದ ನನಗೆ ಒಂದು ಗೊತ್ತು. ಕಣ್ಣಿಗೆ ಚೆಂದ ಬೇರೆ, ನೀರಿಗೆ ಚೆಂದ ಬೇರೆ. ಮಾಲೀಕರು ಪ್ಯಾರಾಪೆಟ್ ಗೆರೆಗೆ ಸರಿಯಾಗಿ ಪೈಪು ಮಟ್ಟವಾಗಿರಲಿ ಅನ್ನುತ್ತಾರೆ. ನೀರಿಗೆ ಬೇಕಾದದ್ದು ಟ್ಯಾಂಕಿನಿಂದ ಬಚ್ಚಲ ತನಕ ಎಲ್ಲೂ ಮೇಲೇಳದ ಇಳಿಜಾರು. ನಿಮ್ಮ ಮೇಸ್ತ್ರಿ ಕೊಯ್ದದ್ದು ಅದಕ್ಕೇ ಇರಬೇಕು, ಮೊದಲು ನಿಮ್ಮ ಕಣ್ಣಿಗೆ ಹಾಕಿ ಆಮೇಲೆ ನೀರಿಗಾಗಿ ಹಾಕಿದ್ದಾರೆ.

ಕ್ಲಾಂಪ್ ಸಡಿಲ ಬಿಟ್ಟಿದ್ದಾರೆ, ಪೈಪು ಅಲುಗಾಡುತ್ತದೆ ಎಂದೂ ಬರೆದಿದ್ದೀರಿ. ಅಲುಗಾಡಲಿ. ಹತ್ತು ಮೀಟರ್ ಸಿಪಿವಿಸಿ ಪೈಪು, ಅಂದರೆ ಬಿಸಿನೀರಿಗೆ ಹಾಕುವ ಪ್ಲಾಸ್ಟಿಕ್ ಪೈಪು, 40 ಡಿಗ್ರಿ ಕಾಯ್ದರೆ ಸುಮಾರು ಒಂದು ಇಂಚು ಉದ್ದವಾಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ಬಿಗಿ ಹಿಡಿದರೆ ಜಾಯಿಂಟ್ ಬಿಡುತ್ತದೆ.

ನೀವು ಕೇಳದ ಒಂದು ವಿಷಯ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು, ನೆರಳು. ನಮ್ಮ ಕಡೆ ಹೀಟರ್ ದಕ್ಷಿಣಕ್ಕೆ ಮುಖ ಮಾಡಿರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಗಂಗಾವತಿ, ಕೊಪ್ಪಳ ಇರುವುದು 15 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಮೇ ತಿಂಗಳ ಮೊದಲಲ್ಲಿ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೇ ಬರುತ್ತಾನೆ. ಆಗ ಜಾಗ ನೋಡಲು ಬಂದವನಿಗೆ ಮಾಳಿಗೆಯಲ್ಲಿ ನೆರಳೇ ಕಾಣದು. ಅದೇ ಡಿಸೆಂಬರಿನಲ್ಲಿ ಸೂರ್ಯ ನೆತ್ತಿಯಿಂದ 38 ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿರುತ್ತಾನೆ, ಮೆಟ್ಟಿಲ ಮೇಲೆ ಕಟ್ಟಿದ ಹತ್ತು ಅಡಿ ಎತ್ತರದ ಹೆಡ್‌ರೂಮ್ ಮಧ್ಯಾಹ್ನ ಹನ್ನೆರಡಕ್ಕೇ ಎಂಟು ಅಡಿ ನೆರಳು ಚಾಚುತ್ತದೆ. ಬಿಸಿನೀರು ಬೇಕಾಗುವುದೇ ಆ ತಿಂಗಳಲ್ಲಿ. ಬೇಸಿಗೆಯಲ್ಲಿ ಕೂರಿಸುವಾಗಲೂ ಚಳಿಗಾಲದ ನೆರಳನ್ನು ಮನಸ್ಸಿನಲ್ಲೇ ಎಳೆದು ನೋಡುವವನೇ ಈ ಕೆಲಸ ಬಲ್ಲವನು. ನಾನು ಸ್ಟ್ಯಾಂಡ್ ಇಡುವ ಮೊದಲು ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಹಾಕುತ್ತೇನೆ. ಮನೆಯವರು ಏನಿದು ಅಂತ ನಿಂತು ನೋಡುತ್ತಾರೆ, ತಾಳ್ಮೆಯಿಂದ ಹೇಳುತ್ತೇನೆ.

ಆನೆಗೊಂದಿ ಕಡೆ ಹೋದರೆ ಇನ್ನೊಂದು ಲೆಕ್ಕ. ಅಲ್ಲಿ ಮಂಗಗಳು ಬಿಸಿ ಆರದಂತೆ ಪೈಪಿಗೆ ಸುತ್ತಿದ ಕಪ್ಪು ಫೋಮ್ ಕಿತ್ತು ಹಾಕುತ್ತವೆ, ಅದರ ಮೇಲೆ ತಗಡು ಸುತ್ತದೆ ಬರಲು ನನಗೆ ಮನಸ್ಸಾಗುವುದಿಲ್ಲ.

ಹಟಕ್ಕೂ ಎಲ್ಲೆ ಇದೆ, ಅದನ್ನೂ ಹೇಳಬೇಕು. ಒಮ್ಮೆ ಕೊಪ್ಪಳದ ಪಕ್ಕದ ಭಾಗ್ಯನಗರದ ಒಂದು ಮನೆಯಲ್ಲಿ ಪೈಪಿನ ಮೇಲಿನ ಫೋಮ್ ಸಮನಾಗಿ ಕೂತಿಲ್ಲವೆಂದು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಅರ್ಧ ದಿನ ಕಳೆದೆ. ಒಳಗೆ ಬಾಣಂತಿ. ಅವಳ ತಾಯಿ ಸೌದೆ ಒಲೆಯ ಮೇಲೆ ಹಂಡೆ ಇಟ್ಟು ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಉಸ್ತಾದರು ಬಂದು ನೋಡಿ, "ಚೆಂದ ನಾಳೆ ಮಾಡು, ನೀರು ಇವತ್ತು ಬಿಡು" ಅಂದರು. ಅವರು ಮಾಡಿದ್ದು ಸರಿ. ಇಳಿಜಾರು, ನೆರಳು, ಗಾಳಿ ಹೋಗುವ ವೆಂಟ್ ಪೈಪಿನ ಎತ್ತರ, ಇವುಗಳಲ್ಲಿ ಒಂದಿಷ್ಟೂ ಬಿಟ್ಟುಕೊಡುವಂತಿಲ್ಲ. ಉಳಿದದ್ದಕ್ಕೆ ಮನೆಯವರನ್ನು ಕಾಯಿಸಬಾರದು.

ಹಾಗಾದರೆ ಕೂಲಿ ಎಳೆಯುವವರು ಇಲ್ಲವೇ? ಇದ್ದಾರೆ. ಆದರೆ ಅವರು ಹಾಕಿದ್ದನ್ನು ತಾವಾಗಿ ಕೀಳುವುದಿಲ್ಲ, ಕಿತ್ತರೆ ಸಾಮಾನಿನ ದುಡ್ಡು ಕೇಳುತ್ತಾರೆ. ನಿಮ್ಮವರು ಕೊಯ್ದ ಪೈಪಿಗೆ, ಹೊಸ ಕಪ್ಲಿಂಗ್‌ಗೆ ದುಡ್ಡು ಕೇಳಿದರೇ? ಕೇಳಿಲ್ಲವೆಂದು ನೀವೇ ಬರೆದಿದ್ದೀರಿ. ಒಂದು ಸೆಟ್ ಕೂರಿಸಿದರೆ ಇಷ್ಟು ಅಂತ ಗುತ್ತಿಗೆ ಹಿಡಿದ ಹುಡುಗರು ದಿನಕ್ಕೆ ಎರಡು ಮನೆ ಮುಗಿಸಬೇಕು, ಇಲ್ಲದಿದ್ದರೆ ಹೊಟ್ಟೆ ತುಂಬದು. ಅವರನ್ನು ನಾನು ಬೈಯುವುದಿಲ್ಲ. ಅವರ ತಪ್ಪು ಕಾಣಿಸಿಕೊಳ್ಳುವುದು ಮುಂದಿನ ಚಳಿಗಾಲದಲ್ಲಿ, ಆಗ ಅವರ ನಂಬರೇ ಬದಲಾಗಿರುತ್ತದೆ. ನಿಮ್ಮ ಮೇಸ್ತ್ರಿ ಎರಡನೇ ದಿನ ಬಂದದ್ದು ಆ ಚಳಿಗಾಲ ನೆನಪಿಟ್ಟುಕೊಂಡು.

ಇನ್ನು ಮೂರನೆಯದು, ನೀರು ಬಿಡದೆ ಹೋದದ್ದು. ಖಾಲಿ ಟ್ಯೂಬು ಬಿಸಿಲಿಗೆ ಒಣಗಿ ನಿಂತರೆ ಒಳಗೆ 200 ಡಿಗ್ರಿ ದಾಟಬಲ್ಲದು. ಆಗ ತಣ್ಣೀರು ಬಿಟ್ಟರೆ ಗಾಜು ಪಟ್ ಅಂತ ಸೀಳುತ್ತದೆ. ಅದಕ್ಕೇ ರಾತ್ರಿಯೆಲ್ಲ ಆರಲು ಬಿಟ್ಟು ಬಿಸಿಲೇರುವ ಮೊದಲು ತುಂಬಬೇಕು. ಬೆಳಿಗ್ಗೆ ಅವರು ಬಂದಾಗ ನೀವೂ ಮಾಳಿಗೆ ಹತ್ತಿ ಪ್ರತಿ ಟ್ಯೂಬಿನ ಕೆಳತುದಿ ನೋಡಿ. ಅಲ್ಲಿ ಕನ್ನಡಿಯಂತೆ ಬೆಳ್ಳಿ ಬಣ್ಣ ಇದ್ದರೆ ಟ್ಯೂಬಿನ ಎರಡು ಗಾಜಿನ ಪದರದ ನಡುವೆ ಬಿಸಿ ಹಿಡಿದಿಡುವ ವ್ಯಾಕ್ಯೂಮ್, ಅಂದರೆ ಗಾಳಿಯಿಲ್ಲದ ಜಾಗ, ಸರಿ ಇದೆ. ಹಾಲು ಬಳಿದಂತೆ ಬೆಳ್ಳಗಾಗಿದ್ದರೆ ಆ ಟ್ಯೂಬು ಕೆಟ್ಟಿದೆ, ಆಗಲೇ ಬದಲಾಯಿಸಲು ಹೇಳಿ. ಗೋಣಿತಾಟನ್ನು ಮಾತ್ರ ನೀರು ತುಂಬುವ ತನಕ ಯಾರೂ ತೆಗೆಯದಂತೆ ಮನೆಯಲ್ಲಿ ಹೇಳಿಡಿ.